ಚೆಕ್‌ಪೋಸ್ಟಿನಲ್ಲಿ ತಡೆಯುವವರು ಯಾರೆಂದು ಕನ್ನಡದಲ್ಲಿ ಬರೆದು ಹಾಕಿ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಗಡಿ ದಾಟಿ ಕರ್ನಾಟಕದ ವಿಟ್ಲ, ಪುತ್ತೂರಿಗೆ ಅಡಿಕೆ, ತೆಂಗಿನಕಾಯಿ ಸಾಗಿಸುವ ಪಿಕಪ್ ಚಾಲಕ ನಾನು. ರಸ್ತೆಗೆ ಅಡ್ಡ ಕಂಬ ಕಂಡರೆ ಗಾಡಿ ನಿಲ್ಲಿಸುತ್ತೇವೆ, ಅದರಲ್ಲಿ ತಕರಾರಿಲ್ಲ. ನಿಲ್ಲಿಸಿದವರು ಯಾವ ಇಲಾಖೆಯವರು, ಏನು ನೋಡಲು ನಿಂತಿದ್ದಾರೆ ಎಂಬುದೇ ತಿಳಿಯದಿರುವುದು ನಮ್ಮ ಕಷ್ಟ.

ನಮ್ಮ ಕಡೆ ಎಲ್ಲದಕ್ಕೂ ಚೆಕ್‌ಪೋಸ್ಟ್ ಎಂದೇ ಹೆಸರು. ಅಬಕಾರಿಯವರು ಮದ್ಯ ಹುಡುಕುವುದೂ ಚೆಕ್‌ಪೋಸ್ಟ್, ಆರ್‌ಟಿಒದವರು ಪರ್ಮಿಟ್ ನೋಡುವುದೂ ಚೆಕ್‌ಪೋಸ್ಟ್, ಫಾರೆಸ್ಟಿನವರು ಮರ ತಪಾಸಣೆ ಮಾಡುವುದೂ ಅದೇ. ಚುನಾವಣೆ ಬಂದರೆ ನಗದು ಎಣಿಸಲು ಇನ್ನೊಂದು. ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಎದ್ದುಹೋದವು. ಆದರೂ ಜಿಎಸ್‌ಟಿ ಅಧಿಕಾರಿಗಳು ದಾರಿಯಲ್ಲಿ ಗಾಡಿ ತಡೆದು ಬಿಲ್ ಕೇಳಬಹುದು. ಹೀಗಿರುವಾಗ ತೋಟದಿಂದ ನೇರ ಅಡಿಕೆ ತರುವ ಬಡ ಕೃಷಿಕನಿಗೆ ಯಾರ ಮುಂದೆ ಯಾವ ಕಾಗದ ತೋರಿಸಬೇಕೆಂದು ಹೇಗೆ ಗೊತ್ತಾಗಬೇಕು?

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹೀಗೇ ಆಯಿತು. ಕೆಂಪು ಬಿಳಿ ಬಣ್ಣದ ಪೈಪು, ಅದರ ಹಿಂತುದಿಗೆ ಭಾರಕ್ಕೆಂದು ಜಲ್ಲಿಕಲ್ಲು ತುಂಬಿದ ಎಣ್ಣೆ ಡಬ್ಬ. ಸಮವಸ್ತ್ರವಿಲ್ಲದ ಒಬ್ಬರು ಟಾರ್ಚ್ ಬೀಸಿ ನಿಲ್ಲಿಸಿದರು. ಲೈಸೆನ್ಸ್, ಆರ್‌ಸಿ ಡಿಜಿಲಾಕರಿನಲ್ಲಿ ತೋರಿಸಿದೆ. ಅವು ಬೇಡ, ಟಾರ್ಪಾಲು ಬಿಚ್ಚು ಎಂದರು. ಮಲಯಾಳದಲ್ಲಿ ಹೇಳಿದ ಮುಂದಿನ ಮಾತು ಪಕ್ಕದಲ್ಲಿ ಕೂತಿದ್ದ ಅಡಿಕೆಯ ಧಣಿಗೆ ಅರ್ಥವಾಗಲಿಲ್ಲ. ಅವರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ಸುರಿಯುವ ಮಳೆಯಲ್ಲಿ ಗೋಣಿಗಳು ಒದ್ದೆಯಾದವು. ಒಣಗಿಸಿದ ಅಡಿಕೆಗೆ ನೀರು ತಾಗಿದರೆ ಬಣ್ಣ ಕೆಡುತ್ತದೆ, ಬೂಸ್ಟು ಬರುತ್ತದೆ, ಧಾರಣೆ ಇಳಿಯುತ್ತದೆ. ಆ ವಯಸ್ಸಾದವರು ಮರುಮಾತಾಡದೆ ಕೈಯಲ್ಲೇ ಗೋಣಿ ಒರೆಸುತ್ತಿದ್ದುದನ್ನು ನೋಡಿ ಹೊಟ್ಟೆ ಉರಿಯಿತು.

ತಪಾಸಣೆಯೇ ಬೇಡವೆಂದು ನಾನು ಹೇಳುವುದಿಲ್ಲ. ಮಾದಕ ವಸ್ತು ಗಡಿ ದಾಟಿ ನಮ್ಮ ಮಕ್ಕಳ ಕೈಗೆ ಬರುತ್ತಿರುವಾಗ ಅದು ಬೇಕೇ ಬೇಕು. ಆದರೆ ತಡೆಯುವವರಿಗೂ ಲೆಕ್ಕ ಇರಬೇಕು. ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಕೂಡ ಲೈಸೆನ್ಸ್ ಕೇಳುವ ಪೊಲೀಸರು ಸಮವಸ್ತ್ರದಲ್ಲಿರಬೇಕೆಂದೇ ಹೇಳುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ಕರ್ನಾಟಕದ ಕಡೆಯಿಂದ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಈ ಊರಿನವರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಲು ಕೇರಳ ಹೈಕೋರ್ಟೇ ಮಧ್ಯೆ ಬರಬೇಕಾಯಿತು.

ತಲಪಾಡಿ, ಸಾರಡ್ಕ, ಜಾಲ್ಸೂರು ಗಡಿ ದಾರಿಗಳ ಎರಡೂ ಬದಿಯ ಪ್ರತಿ ಚೆಕ್‌ಪೋಸ್ಟಿನಲ್ಲಿ ಇಲಾಖೆಯ ಹೆಸರು, ನೋಡುವ ಕಾಗದಗಳು, ದೂರು ಕೊಡಬೇಕಾದ ಮೇಲಧಿಕಾರಿಯ ಫೋನ್ ನಂಬರನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದು ಹಾಕಲಿ. ರಾತ್ರಿ ಪಾಳಿಯಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಇರಲಿ. ಸರಕು ನೋಡಲು ತಗಡಿನ ಮಾಡಿನ ಒಂದು ಜಾಗ ಮಾಡಿಕೊಡಲಿ. ಕಾಸರಗೋಡು, ದಕ್ಷಿಣ ಕನ್ನಡದ ಎರಡೂ ಜಿಲ್ಲಾಧಿಕಾರಿಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಇದನ್ನು ಮಾಡಿಸಬೇಕೆಂದು ವಿನಂತಿ.

— ಪಿಕಪ್ ಚಾಲಕ, ಪೆರ್ಲ, ಕಾಸರಗೋಡು