ಕ್ಲೈಂಟ್ ಕೆಲಸ ಹಿಡಿಯುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆಯಲ್ಲಿ ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ) ಕೆಲಸ ಮಾಡುವ ನಮ್ಮವರೆಲ್ಲ ದಯವಿಟ್ಟು ಪೂರ್ತಿ ಓದಿ.

ನಿನ್ನೆ ಡೊಂಬಿವಲಿಯಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಕುಂದಾಪುರದ ಕಡೆಯವರೊಬ್ಬರು ಗಲ್ಲಾ ಪಕ್ಕ ಕೂರಿಸಿಕೊಂಡು ಫೋನ್ ತೋರಿಸಿದರು. ಹಿಂದೆ ಇವರ ಎಸ್‌ಇಒ ಕೆಲಸ ಮಾಡಿದವನು ಡೊಮೈನ್ (ಸೈಟಿನ ವಿಳಾಸ), ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ ಹೋಟೆಲ್ ವಿಳಾಸ, ನಂಬರ್ ತೋರಿಸುವ ಖಾತೆ) ಎರಡನ್ನೂ ತನ್ನ ಜಿಮೇಲ್‌ನಲ್ಲೇ ಇಟ್ಟುಕೊಂಡಿದ್ದಾನೆ, ಈಗ ಫೋನ್ ಎತ್ತುತ್ತಿಲ್ಲ, ಹೋಟೆಲ್ ನಂಬರ್ ಬದಲಾಯಿಸೋಕೂ ಇವರಿಗೆ ಆಗುತ್ತಿಲ್ಲ. ನನಗೆ ತುಂಬಾ ಬೇಜಾರಾಯಿತು. ಖಾತೆ ಯಾವಾಗಲೂ ಮಾಲೀಕರ ಹೆಸರಲ್ಲೇ ತೆರೆಯಿರಿ, ನೀವು ಮ್ಯಾನೇಜರ್ ಆಗಿ ಸೇರಿಕೊಳ್ಳಿ, ಸಾಕು.

ಇನ್ನೊಂದು. "ಒಂದೇ ತಿಂಗಳಲ್ಲಿ ಮೊದಲನೇ ಸ್ಥಾನ, ಗ್ಯಾರಂಟಿ" ಅಂತ ಸುಮ್ನೆ ಹೇಳಬೇಡಿ. ಆ ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಅಂತ ಗೂಗಲ್ಲೇ ಬರೆದಿದೆ, ಫಲ ಕಾಣೋಕೆ ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕು ಅಂತಲೂ ಹೇಳಿದೆ. ಅದನ್ನೇ ಮೊದಲ ದಿನ ಹೇಳಿದರೆ ಕೆಲವರು ಎದ್ದು ಹೋಗಬಹುದು, ಹೋಗಲಿ.

ದುಡ್ಡು ಕೊಟ್ಟು ಬೇರೆ ಸೈಟುಗಳಿಂದ ಕ್ಲೈಂಟ್ ಸೈಟಿಗೆ ಲಿಂಕ್ ತರಬೇಡಿ. ಇಂಥ ಲಿಂಕುಗಳನ್ನು ಹಿಡಿಯೋಕೆ ಗೂಗಲ್ ತಂದ 2012ರ ಪೆಂಗ್ವಿನ್ ಅಪ್‌ಡೇಟ್ ಬಂದಾಗ ಎಷ್ಟೋ ಸೈಟುಗಳು ಕೆಳಗೆ ಬಿದ್ದವು, ಪೆಟ್ಟು ಬಿದ್ದಿದ್ದು ಕ್ಲೈಂಟ್‌ಗೆ ಅಲ್ವಾ? ಸುಳ್ಳು ರಿವ್ಯೂ ಕೂಡ ಬೇಡ.

ಒಂದೇ ಏರಿಯಾದ ಎರಡು ಹೋಟೆಲ್ ಕೆಲಸ ಹಿಡಿದಿದ್ದರೆ ಇಬ್ಬರಿಗೂ ತಿಳಿಸಿ. ಡೊಂಬಿವಲಿಯವರ ಪ್ರೊಫೈಲ್ ವಾಪಸ್ ಪಡೆಯೋಕೆ ಭಾನುವಾರ ಕೂರುತ್ತಿದ್ದೇನೆ, ಬಿಡುವಿದ್ದವರು ಮೆಸೇಜ್ ಮಾಡಿ.