ನಿನ್ನ ಆ ‘ಅಷ್ಟೆ’

ಡೊಂಬಿವಲಿ, ಜುಲೈ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸೋಮವಾರ ನಿನ್ನ ಕಾಗದ ಕೈಸೇರಿತು. ದೊಡ್ಡಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನಿಮ್ಮ ಮನೆಯ ಅಡುಗೆ ಸ್ಪರ್ಧೆಗೆ ಆರು ಜೋಡಿ, ಆರು ಬಗೆ, ಗಂಡ ಹೆಂಡತಿ ಸೇರಿ ಮನೆಯಲ್ಲೇ ಮಾಡಿ ತರಬೇಕು, ಕೊನೆಗೆ ಚೀಟಿ ಹಾಕಿ ಗೆದ್ದವರನ್ನು ಆರಿಸುವುದು ಅಂತೆಲ್ಲ ಕೇಳಿ ಅವಳು ನಕ್ಕಳು. ‘ಪುಣೆಯ ಕೋಥ್ರೂಡಿನ ಆ ಹಾಲ್‌ನಲ್ಲಿ ಹನ್ನೆರಡು ಜನ ಕೂರುವುದೆಲ್ಲಿ’ ಅಂತ ಕೇಳಿದಳು. ಕಡೆಯ ಪುಟದ ಒಂದು ಸಾಲನ್ನು ಮಾತ್ರ ನಾನು ಅವಳಿಗೆ ಓದಲಿಲ್ಲ.

‘ಇವರು ಎಲ್ಲರೆದುರು ನನ್ನ ಅಡುಗೆ ಬಗ್ಗೆ ಏನಾದರೂ ತಮಾಷೆ ಮಾಡಿಬಿಡ್ತಾರೋ ಅಂತ ಒಂದು ಅಳುಕು ದೊಡ್ಡಪ್ಪ, ಅಷ್ಟೆ.’

ಅದಾದ ಮೇಲೆ ನೀನು ಪರದೆಯ ಬಟ್ಟೆಯ ವಿಷಯಕ್ಕೆ ಹೋಗಿದ್ದೀ. ನನಗೆ ಹೋಗಲಿಕ್ಕಾಗಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಇವಳು ಸ್ಪೀಕರಿಗೆ ಹಾಕಿಯೇ ಮಾತಾಡುವವಳು. ಅದಕ್ಕೇ ಈ ಕಾಗದ. ಓದಿ ನಿನ್ನಲ್ಲೇ ಇಟ್ಟುಕೋ.

ಮೊದಲು ಅಡುಗೆಯ ಮಾತು ಮುಗಿಸುತ್ತೇನೆ, ಹೇಳಲು ನಾನು ಯಾವ ಬಾಣಸಿಗನೂ ಅಲ್ಲ. ನೀನು ಬರೆದ ನೀರುದೋಸೆ ಬೇಡ ಮಗಾ. ಅದು ಕಾವಲಿಯಿಂದ ನೇರ ತಟ್ಟೆಗೆ ಬೀಳಬೇಕಾದ ತಿಂಡಿ. ಒಂದರ ಮೇಲೊಂದು ಪೇರಿಸಿಟ್ಟರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಹನ್ನೆರಡು ಜನಕ್ಕೆ ಎರೆಯುತ್ತ ನಿಂತರೆ ನಿನಗೆ ಹಾಲ್‌ನಲ್ಲಿ ಯಾರು ಏನು ಹೇಳಿದರು ಅಂತಲೂ ಗೊತ್ತಾಗುವುದಿಲ್ಲ. ಗೊತ್ತಾಗದಿರುವುದು ಇನ್ನೂ ಕೆಟ್ಟದ್ದು. ಒಳಗೆ ಸೌಟು ಹಿಡಿದು ನಿಂತಾಗ ಹೊರಗೆ ನಗು ಕೇಳಿಸಿದರೆ ಅದು ತನ್ನ ಬಗ್ಗೆಯೇ ಅನ್ನಿಸುತ್ತದೆ. ಹಾಗೆ ಅನ್ನಿಸುತ್ತಿತ್ತು ಅಂತ ಒಮ್ಮೆ ಇವಳೇ ಹೇಳಿದ್ದಳು, ಬೇರೆ ಯಾವುದೋ ಮಾತಿನ ನಡುವೆ.

1983ರ ಕ್ರಿಕೆಟ್ ವಿಶ್ವಕಪ್ ಫೈನಲ್ ದಿನದ ಕತೆಯನ್ನು ನಾನು ನಿಮಗೆಲ್ಲ ಎಷ್ಟು ಸಲ ಹೇಳಿದ್ದೇನೆ! ಜೂನ್ 25, ಶನಿವಾರ. ಸಾಲುಮನೆಗಳ ನಮ್ಮ ಚಾಳಿನಲ್ಲಿ ಒಂದೇ ಟೀವಿ, ಅದೂ ಕಪ್ಪು ಬಿಳುಪು. ಏಳೆಂಟು ಸಂಸಾರ ಒಂದೇ ಕೋಣೆಯಲ್ಲಿ, ಹೊರಗೆ ಧೋ ಅಂತ ಮಳೆ. ಇಷ್ಟು ನಿನಗೆ ಗೊತ್ತಿದೆ. ಪ್ರತಿ ಮನೆಯಿಂದ ಒಂದೊಂದು ತಿಂಡಿ ಬಂದಿತ್ತು ಅನ್ನುವುದನ್ನೂ ಹೇಳಿರಬಹುದು. ಯಾರ ಮನೆಯದು ಹೆಚ್ಚು ರುಚಿ ಅಂತ ಮ್ಯಾಚಿನ ಮಧ್ಯದ ವಿರಾಮದಲ್ಲಿ ಕೈ ಎತ್ತಿಸಿದ್ದರು. ಅಂದರೆ ನಿನ್ನ ಸ್ಪರ್ಧೆ ನಿಮ್ಮ ಕಾಲದ ಹೊಸ ಆಟವೇನಲ್ಲ.

ನಮ್ಮ ಮನೆಯಿಂದ ಹೋದದ್ದು ಪತ್ರೊಡೆ. ಹಿಂದಿನ ರಾತ್ರಿ ಅಕ್ಕಿ ನೆನೆಹಾಕಿ, ಊರಿನಿಂದ ತಂದಿದ್ದ ಕಲ್ಲಿನಲ್ಲಿ ಮಸಾಲೆ ಸೇರಿಸಿ ರುಬ್ಬಿ, ಕೆಸುವಿನ ಎಲೆಯ ಮೇಲೆ ಎಲೆ ಇಟ್ಟು ಹಚ್ಚಿ, ಸುರುಳಿ ಸುತ್ತಿ, ಸೀಮೆಎಣ್ಣೆ ಸ್ಟವ್ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಹಬೆಯಲ್ಲಿ ಬೇಯಿಸಿದ್ದಳು. ಆಗ ನಮಗಿನ್ನೂ ಗ್ಯಾಸ್ ಸಿಕ್ಕಿರಲಿಲ್ಲ. ರೇಷನ್ ಸೀಮೆಎಣ್ಣೆಯನ್ನು ಅವಳು ಬಾಟಲಿಯಲ್ಲಿ ಬೆರಳಿಟ್ಟು ಅಳೆಯುತ್ತಿದ್ದ ದಿನಗಳು. ಮದುವೆಯಾಗಿ ಇಲ್ಲಿಗೆ ಬಂದು ಎರಡನೆಯ ಮಳೆಗಾಲ ಅದು. ಚಾಳಿನ ಹೆಂಗಸರಿಗೆ ತನ್ನ ಊರಿನದೊಂದು ತಿನ್ನಿಸಬೇಕು ಅಂತ ಅವಳಿಗೆ ಆಸೆ.

ಕೆಸುವಿನ ಎಲೆಯ ತುರಿಕೆ ನಿನಗೆ ಗೊತ್ತಲ್ಲ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವಂತೆ, ಅವೇ ಗಂಟಲು ಕೆರೆಯುವುದು. ಅದಕ್ಕೇ ನಮ್ಮವರು ಹುಳಿ ಚೆನ್ನಾಗಿ ಹಾಕಿ ಬಹಳ ಹೊತ್ತು ಬೇಯಿಸುವುದು. ಇಲ್ಲಿನವರು ಅದೇ ಎಲೆಯ ತಮ್ಮ ಅಳೂವಡಿಗೆ ಕಡಲೆಹಿಟ್ಟು ಹಚ್ಚಿದರೂ ಹುಣಸೆ ಬಿಡುವುದಿಲ್ಲ. ಆವತ್ತು ಹುಳಿ ಸಾಲದಾಗಿತ್ತು. ತಿಂದ ಸ್ವಲ್ಪ ಹೊತ್ತಿಗೆ ಒಬ್ಬರು ಕೆಮ್ಮಿದರು, ಇನ್ನೊಬ್ಬರು ನೀರು ಕೇಳಿದರು. ಇಂಡಿಯಾ 183ಕ್ಕೆ ಆಲೌಟ್ ಆಗಿ ಎಲ್ಲರೂ ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದರು. ನಾನು ಎದ್ದು ನಿಂತು ಹೇಳಿದೆ: ‘ಚಿಂತೆ ಬಿಡಿ. ನಮ್ಮವಳ ಈ ಪತ್ರೊಡೆ ಹನ್ನೊಂದು ತುಂಡು ಲಾರ್ಡ್ಸ್‌ಗೆ ಕಳಿಸಿದರೆ ಸಾಕು, ರಿಚರ್ಡ್ಸ್ ಬ್ಯಾಟು ಬಿಟ್ಟು ಗಂಟಲು ತುರಿಸಿಕೊಳ್ತಾನೆ.’

ಕೋಣೆ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು.

ಒಳ್ಳೆಯ ಜೋಕೇ, ಇಲ್ಲ ಅನ್ನುವುದಿಲ್ಲ. ಆಮೇಲೆ ಕಪಿಲ್ ಹಿಂದಕ್ಕೆ ಓಡಿ ರಿಚರ್ಡ್ಸ್ ಕ್ಯಾಚು ಹಿಡಿದ, ವೆಸ್ಟ್ ಇಂಡೀಸ್ 140ಕ್ಕೆ ಮುಗಿಯಿತು, ನಾವು ಗೆದ್ದೆವು. ಸೋತಿದ್ದರೆ ಆ ಮಾತು ಅಲ್ಲೇ ಸಾಯುತ್ತಿತ್ತು ಪುಟ್ಟಿ. ಗೆದ್ದದ್ದರಿಂದ ಉಳಿದುಕೊಂಡಿತು. ನಾವು ಚಾಳು ಬಿಡುವವರೆಗೂ, ಯಾವ ಮ್ಯಾಚೇ ಇರಲಿ, ಯಾರಾದರೊಬ್ಬರು ‘ವಹಿನೀ (ಅತ್ತಿಗೆ), ಪತ್ರೊಡೆ ಕಳಿಸಿದ್ರಾ?’ ಅಂತ ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ನಾನೂ ಪ್ರತಿ ಸಲ ನಗುತ್ತಿದ್ದೆ.

ಆ ರಾತ್ರಿ ಬೀದಿಯಲ್ಲಿ ಪಟಾಕಿ ನಿಂತ ಮೇಲೆ ನನಗೆ ನಡುವೆ ಎಚ್ಚರವಾಯಿತು. ಕೋಣೆಯೊಳಗಿನ ಪಾತ್ರೆ ತೊಳೆಯುವ ಮೋರಿಯ ಹತ್ತಿರ ಸಣ್ಣ ದೀಪ. ಉಳಿದ ಪತ್ರೊಡೆಯ ತಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದಳು. ಒಂದು ತುಂಡು ಬಾಯಿಗೆ ಹಾಕಿಕೊಂಡು ನುಂಗಿದಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದಳು, ತುರಿಸುತ್ತದೋ ನೋಡಲಿಕ್ಕೆ. ಮತ್ತೊಂದು ತುಂಡು ತಿಂದಳು. ಮತ್ತೆ ಕಾದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ದೊಡ್ಡಮ್ಮನಿಗೆ ಪತ್ರೊಡೆ ಆಗಿಬರುವುದಿಲ್ಲ ಅಂತ ನೀವೆಲ್ಲ ತಿಳಿದುಕೊಂಡಿದ್ದೀರಲ್ಲ, ಹಾಗೇನಿಲ್ಲ. ಊರಿಗೆ ಹೋದಾಗ ನಿನ್ನ ಅಜ್ಜಿ ಮಾಡಿದ್ದನ್ನು ಬಡಿಸಿಕೊಂಡು ತಿನ್ನುತ್ತಿದ್ದಳು. ಆದರೆ ಆ ಶನಿವಾರದ ನಂತರ ನಮ್ಮ ಮನೆಯೊಳಗೆ ಕೆಸುವಿನ ಎಲೆ ಬಂದಿಲ್ಲ. ಒಂದು ದಿನವೂ ಜಗಳ ಮಾಡಲಿಲ್ಲ, ಹಂಗಿಸಲಿಲ್ಲ. ಮಾಡುವುದನ್ನು ಬಿಟ್ಟಳು.

ಅಳಿಯಂದಿರು ನನ್ನ ಹಾಗೆ ಅಂತ ನಾನು ಹೇಳುತ್ತಿಲ್ಲ. ಅವರು ಒಳ್ಳೆಯವರು, ನಾಲ್ಕು ಜನ ಕೂಡಿದಲ್ಲಿ ನಗಿಸುವವರು. ನಾನೂ ನಗಿಸುವವನೇ ಆಗಿದ್ದೆ, ಭಯವಾಗುವುದು ಅದಕ್ಕೇ. ಹೊಗಳಿಕೆ ಸಿಗುತ್ತಿದ್ದದ್ದು ನನಗೆ, ಬೆಲೆ ತೆರುತ್ತಿದ್ದದ್ದು ಪಕ್ಕದಲ್ಲಿ ಕೂತವಳು. ಇದು ನಗಿಸುವವನಿಗೆ ಯಾರಾದರೂ ಹೇಳುವವರೆಗೆ ತಿಳಿಯುವುದಿಲ್ಲ, ದೇವರಾಣೆ ತಿಳಿಯುವುದಿಲ್ಲ. ಆದ್ದರಿಂದ ಹೇಳಿಬಿಡು. ಪಾರ್ಟಿಯ ದಿನ ಬೇಡ, ಹಿಂದಿನ ವಾರ, ಇಬ್ಬರೇ ಇದ್ದಾಗ, ಊಟದ ಹೊತ್ತು ಬಿಟ್ಟು. ನನಗೆ ಬರೆದ ಸಾಲನ್ನೇ ಹೇಳಿದರೆ ಸಾಕು, ‘ಅಷ್ಟೆ’ ಒಂದನ್ನು ಬಿಟ್ಟು.

ಇನ್ನು ಆಟದ ಬಗ್ಗೆ. ತೋಚಿದ್ದು ಬರೆಯುತ್ತೇನೆ, ಹಿಡಿಸದಿದ್ದರೆ ಬಿಡು. ಪಾತ್ರೆಗಳ ಮೇಲೆ ಹೆಸರು ಬೇಡ, ನಂಬರ್ ಅಂಟಿಸು. ಯಾವುದು ಯಾರದು ಅಂತ ಚೀಟಿ ಎಣಿಸಿದ ಮೇಲೆಯೇ ಹೇಳು. ಆದರೆ ಎಣ್ಣೆಗಾಯಿ ಧಾರವಾಡದವರದು, ಖಾರದ ಮಸಾಲೆಯ ಶಾಕುತಿ ಗೋವೆಯವರದು ಅಂತ ಕುರುಡನಿಗೂ ಗೊತ್ತಾಗುತ್ತದೆ, ಅದು ಬೇರೆ ಮಾತು. ತಮ್ಮದಕ್ಕೇ ತಾವು ಚೀಟಿ ಹಾಕುವಂತಿಲ್ಲ. ಮೊದಲ ಸ್ಥಾನ ಮಾತ್ರ ಓದು, ಕಡೆಯವರು ಯಾರೆಂದು ಲೆಕ್ಕ ಹಾಕಿದವನೊಬ್ಬನಿಗೇ ಗೊತ್ತಿರಲಿ. ಖಾರದ್ದನ್ನು ಕೊನೆಗೆ ಬಡಿಸು. ಶಾಕುತಿ ತಿಂದ ನಾಲಿಗೆಗೆ ಆಮೇಲೆ ಏನು ಕೊಟ್ಟರೂ ಸಪ್ಪೆ. ನಡುನಡುವೆ ಒಂದು ಹಿಡಿ ಮಂಡಕ್ಕಿ ಇಟ್ಟಿರು. ಮೀನು ಮಾಂಸಕ್ಕೆ ಬೇರೆ ಮೇಜು, ಬೇರೆ ಸೌಟು. ಶೇಂಗಾ ಯಾರಿಗಾದರೂ ಆಗುವುದಿಲ್ಲವೋ ಅಂತ ಮೊದಲೇ ಕೇಳು. ಅಲ್ಲಿನವರು ಸಾಬೂದಾಣೆ ಖಿಚಡಿಯಿಂದ ಹಿಡಿದು ಎಲ್ಲದಕ್ಕೂ ಶೇಂಗಾಪುಡಿ ಹಾಕುತ್ತಾರೆ. ಬಹುಮಾನಕ್ಕೆ ದುಡ್ಡು ಸುರಿಯಬೇಡ, ತುಳಶೀಬಾಗಿನ ಪೇಟೆಯಲ್ಲಿ ಒಂದು ಹಿತ್ತಾಳೆ ಸೌಟು ಸಿಕ್ಕೀತು.

ಒಂದು ಮಾತು ಮಾತ್ರ ನಾನು ಹಟ ಹಿಡಿದು ಹೇಳುವುದು. ‘ಇಬ್ಬರೂ ಸೇರಿ ಮಾಡಬೇಕು’ ಅಂತ ನೀನೇ ಮಾಡಿದ ನಿಯಮವನ್ನು ನಿನ್ನ ಮನೆಯಲ್ಲೇ ಸಡಿಲ ಮಾಡಬೇಡ. ‘ನೀವು ಕೂತಿರಿ, ನಾನೇ ಬೇಗ ಮುಗಿಸ್ತೇನೆ’ ಅನ್ನುವವಳು ನೀನು, ನನಗೆ ಗೊತ್ತು. ಬೇಡ. ತೆಂಗಿನಕಾಯಿ ಅವರೇ ತುರಿಯಲಿ, ಉಪ್ಪು ಅವರೇ ನೋಡಲಿ, ತರಕಾರಿ ಮಂಡಯಿಗೆ ಹೋಗಿ ಸಾಮಾನು ಅವರೇ ತರಲಿ. ಬೆವರು ಸುರಿಸಿದ ಕೈಗೆ ಆ ತಟ್ಟೆಯನ್ನು ‘ಇವಳದು’ ಅಂತ ತೋರಿಸಲು ಬರುವುದಿಲ್ಲ.

ಸಾಮಾನು ಅಂದೆನಲ್ಲ, ಉಳಿದದ್ದನ್ನೂ ಹೇಳಿಬಿಡುತ್ತೇನೆ. ಇದನ್ನು ಯಾರಿಗೂ ಹೇಳಿದ್ದಿಲ್ಲ. ಆ ಶುಕ್ರವಾರ ಬೆಳಿಗ್ಗೆ ಅವಳು ನನಗೆ ‘ಹುಣಸೆ ಮುಗಿದಿದೆ, ಸಂಜೆ ಬರುವಾಗ ತನ್ನಿ’ ಅಂದಿದ್ದಳು. ಸಂಜೆ ಸ್ಟೇಷನ್ ಹೊರಗೆ ಗೆಳೆಯರು ಸಿಕ್ಕರು, ಇಂಗ್ಲೆಂಡನ್ನು ಸೋಲಿಸಿದ ಸೆಮಿಫೈನಲ್ ಮಾತು ಹತ್ತಿತು, ನಾನು ಬರಿಗೈಯಲ್ಲಿ ಮನೆಗೆ ಬಂದೆ. ಅವಳು ಭರಣಿಯ ತಳ ಕೆರೆದು ಸಿಕ್ಕಿದ್ದನ್ನು ಹಾಕಿದ್ದಳು. ಆವತ್ತು ಅಷ್ಟು ಜನರ ನಡುವೆ ‘ಹುಣಸೆ ತರಲು ಇವರೇ ಮರೆತದ್ದು’ ಅಂತ ಒಂದು ಮಾತು ಅಂದಿದ್ದರೆ ನಗು ನನ್ನ ಮೇಲೆ ತಿರುಗುತ್ತಿತ್ತು. ಅವಳು ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ. ಮರೆತಿದ್ದಾಳೋ, ಅಥವಾ ನನಗೆ ನೆನಪಿದೆಯೋ ಇಲ್ಲವೋ ಅಂತ ನೋಡುತ್ತಿದ್ದಾಳೋ, ಕೇಳುವ ಧೈರ್ಯ ನನಗೆ ಬಂದಿಲ್ಲ.

ನಿನ್ನ ಕಾಗದ ಬಂದ ಮರುದಿನ ಮಾರ್ಕೆಟ್ಟಿಗೆ ಹೋಗಿದ್ದೆ. ಮಳೆಗೆ ಕೆಸು ಬಂದಿದೆ, ಕಪ್ಪು ದಂಟಿನದು, ವಡಿಗೆ ಆಗುವಂಥದ್ದು. ಮಾರುವವಳು ಎಲೆಯ ಮೇಲಿನ ನೀರು ಕೊಡವಿ ಒಂದು ಕಟ್ಟು ಕೈಗೆ ಕೊಟ್ಟಳು. ಹಿಡಿದು ನಿಂತೆ, ಮತ್ತೆ ವಾಪಸು ಇಟ್ಟೆ. ಹುಣಸೆಹಣ್ಣು ಮಾತ್ರ ಅರ್ಧ ಕಿಲೋ ತಂದೆ. ಯಾಕೆ ಇಷ್ಟು ಅಂತ ಇವಳು ಕೇಳಿದಳು. ಅಗ್ಗಕ್ಕೆ ಕೊಟ್ಟ ಅಂದೆ. ಏನೂ ಅನ್ನದೆ ಬೀಜ ಬಿಡಿಸಿ ಭರಣಿಗೆ ತುಂಬಿಟ್ಟಿದ್ದಾಳೆ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಏನಾಯಿತು ಅಂತ ಬರೆ.

ಇಂತು,
ದೊಡ್ಡಪ್ಪ