ಮಗಳಿಗೊಂದು ಪತ್ರ: ಜಗತ್ತಿನ ಚರಿತ್ರೆಗೆ ಹೊನ್ನಾವರದ ದಾರಿ

ಪ್ರೀತಿಯ ಮಗಳೇ,

ಪರೀಕ್ಷೆಗಲ್ಲದೆ, ನಿನ್ನ ಸಂತೋಷಕ್ಕಾಗಿಯೇ ಓದಲು ಜಗತ್ತಿನ ಚರಿತ್ರೆಯ ಯಾವ ಪುಸ್ತಕ ಹಿಡಿಯಲಿ ಎಂದು ಕೇಳಿದ್ದೆಯಲ್ಲ, ಫೋನಿನಲ್ಲಿ ಅವಸರದಿಂದ ಹೇಳಲು ಮನಸ್ಸಾಗಲಿಲ್ಲ.

ಬಹಳ ಮಂದಿ ಮೊದಲು ಹೆಸರಿಸುವುದು ನೆಹರೂ ಅವರು 1930ರಿಂದ 1933ರವರೆಗೆ ಮಗಳು ಇಂದಿರಾಗೆ ಬರೆದ 196 ಪತ್ರಗಳ ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’ಯನ್ನು. ಅದನ್ನು ಖಂಡಿತ ಓದು; ಆದರೆ ಬಹುಪಾಲು ಸೆರೆಮನೆಯಲ್ಲಿ, ಕೈಗೆಟುಕುವ ಗ್ರಂಥಾಲಯವಿಲ್ಲದೆ ಬರೆದದ್ದೆಂಬುದು ನೆನಪಿರಲಿ.

ನಾನಾದರೆ ಇಬ್ನ್ ಬತೂತನ ಪ್ರವಾಸಕಥನದಿಂದಲೇ ಶುರುಮಾಡು ಎನ್ನುತ್ತೇನೆ. 1325ರಲ್ಲಿ, 21ರ ಹರೆಯದಲ್ಲಿ, ಮೊರಾಕ್ಕೋದ ಟ್ಯಾಂಜಿಯರ್‌ನಿಂದ ಹಜ್ ಯಾತ್ರೆಗೆ ಹೊರಟ ಈತ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಇಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಆತ ಹೇಳುತ್ತಾನೆ. ಹೊಲಿಯದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದುದನ್ನು ತಲೆ ಮತ್ತು ಎದೆಯ ಮೇಲೆ ಹೊದ್ದು, ಮೂಗಿಗೆ ಚಿನ್ನದ ನತ್ತು ಹಾಕಿದ ಇಲ್ಲಿನ ಹೆಂಗಸರನ್ನೂ ವರ್ಣಿಸಿದ್ದಾನೆ. ಶರಾವತಿಯ ಅಳಿವೆಯ ಈ ಊರಿನಲ್ಲೇ ಹುಟ್ಟಿ ಬೆಳೆದ ನನಗೆ ಆ ಸಾಲುಗಳು ಸಿಕ್ಕಿದ್ದು ನಲವತ್ತು ದಾಟಿದ ಮೇಲೆ. ನಿನಗೆ ಅಷ್ಟು ತಡವಾಗಬಾರದು. ಆತ ಹೇಳಿದ್ದನ್ನೆಲ್ಲ ಹಾಗೆಯೇ ನಂಬಬೇಡ. ಊರಿಗೆ ಮರಳಿದ ಮೇಲೆ ನೆನಪಿನಿಂದ ಹೇಳಿ ಬರೆಸಿ, 1355ರಲ್ಲಿ ಮುಗಿದ ಕೃತಿ ಅದು. ವೋಲ್ಗಾ ತೀರದ ಬುಲ್ಗಾರ್‌ಗೆ ಹೋಗಿಬಂದೆನೆಂಬ ಭಾಗವನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಓದುಗರಿಗೆಂದು ಬರೆಯದ ಕಾಗದಗಳ ರುಚಿಯೇ ಬೇರೆ. ದೇವರ ಹೆಸರಿರುವ ಬರಹವನ್ನು ನಾಶಮಾಡಬಾರದೆಂದು ಹಳೆಯ ಕೈರೋದ ಯೆಹೂದಿ ಪ್ರಾರ್ಥನಾಮಂದಿರದಲ್ಲಿ ಕೂಡಿಟ್ಟಿದ್ದ ರಾಶಿಯಲ್ಲಿ, 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ವ್ಯಾಪಾರಿ ಬೆನ್ ಯಿಜುವಿನ ಪತ್ರಗಳು ಉಳಿದಿವೆ. ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ (1992) ಅವುಗಳ ಬೆನ್ನು ಹತ್ತಿ ಹೋಗುತ್ತದೆ. ಯೆಮೆನ್‌ನ ಏಡನ್ ಬಂದರಿನ ವರ್ತಕನೊಬ್ಬ ತನ್ನ ಪತ್ರಗಳಲ್ಲಿ ಬೆನ್ ಯಿಜುವಿನ ಆಳಿಗೂ ವಂದನೆ ತಿಳಿಸುತ್ತಾನೆ. ಅಕ್ಷರಗಳ ಜಾಡು ಹಿಡಿದು ಘೋಷ್ ಆ ಆಳಿನ ಹೆಸರನ್ನು ‘ಬೊಮ್ಮ’ ಎಂದು ಓದಿದ್ದಾರೆ, ನಮ್ಮ ನಾಡಿನ ಹೆಸರು! ರಾಜರ ವಂಶಾವಳಿಯಲ್ಲಿ ಎಂದೂ ಸಿಗದ ಈ ಮನುಷ್ಯನಿಗಾಗಿಯೇ ಆ ಪುಸ್ತಕವನ್ನು ನಾನು ಎರಡು ಸಲ ಓದಿದ್ದೇನೆ.

ಗಿಬ್ ಅವರು ಇಂಗ್ಲಿಷಿಗೆ ಸಂಗ್ರಹಿಸಿ ಅನುವಾದಿಸಿದ ಇಬ್ನ್ ಬತೂತನ ಪ್ರವಾಸಕಥನವನ್ನು ನಾಳೆ ಅಂಚೆಯಲ್ಲಿ ಕಳುಹಿಸುತ್ತೇನೆ. ಹೊನ್ನಾವರದ ಪುಟದಲ್ಲಿ ಅಜ್ಜಿಯ ಹಳೆಯ ಸೀರೆಯಂಚಿನ ತುಂಡೊಂದನ್ನು ಗುರುತಿಗೆ ಇಟ್ಟಿದ್ದೇನೆ.

ನಿನ್ನ
ಅಮ್ಮ